ಸಾನ್ ಪಿಯೆರೊ ಊರಿನ ಹರಳುಗಳು

ಕೇಳುಗರಿಗೆ ನಮಸ್ಕಾರ. ಎಲ್ಬಾ ಎಂದರೆ ನೆಪೋಲಿಯನ್ನನನ್ನು 1814ರಲ್ಲಿ ಗಡಿಪಾರು ಮಾಡಿದ ದ್ವೀಪ ಎಂದು ನಾವೆಲ್ಲ ಓದಿದ್ದೇವೆ. ಇಟಲಿಯ ಟಸ್ಕನಿ ಕರಾವಳಿಯ ಆಚೆಗಿರುವ ಆ ದ್ವೀಪದಲ್ಲಿ ಮೊಂತೆ ಕಪಾನ್ನೆ ಎಂಬ 1,019 ಮೀಟರ್ ಎತ್ತರದ ಬೆಟ್ಟವಿದೆ. ಅದರ ಇಳಿಜಾರಿನಲ್ಲಿ ಸಾನ್ ಪಿಯೆರೊ ಎಂಬ ಪುಟ್ಟ ಊರು. ಇವತ್ತು ಆ ಊರಿನ ಕಲ್ಲುಗಳ ಮಾತು.

ಬೆಟ್ಟವೆಲ್ಲ ಗ್ರಾನೈಟ್. ಸುಮಾರು 70 ಲಕ್ಷ ವರ್ಷಗಳ ಹಿಂದೆ ಶಿಲಾಪಾಕ ನೆಲದೊಳಗೇ ಆರಿ ಗಟ್ಟಿಯಾದದ್ದು. ರೋಮನ್ನರು ಇಲ್ಲಿ ಕಂಬಗಳನ್ನು ಕಡಿದರು. ಸಾಗಿಸದೆ ಬಿಟ್ಟ ಕೆಲವು ಇನ್ನೂ ಅಲ್ಲೇ ಬಿದ್ದಿವೆ. ಊರಿಗೆ ಹೆಸರು ತಂದದ್ದು ಮಾತ್ರ ಬಿರುಕುಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಆರಿದ ಪಾಕ. ಬೇರೆ ಖನಿಜಗಳಲ್ಲಿ ಜಾಗ ಸಿಗದ ಲಿಥಿಯಂ, ಬೋರಾನ್, ಸೀಸಿಯಂ ಅದರಲ್ಲಿ ಉಳಿದವು. ಅಲ್ಲಿಯ ಪೊಟರೆಗಳಲ್ಲಿ ಟೂರ್ಮಲಿನ್ ಹರಳುಗಳು ಬೆಳೆದವು. ಬುಡದಿಂದ ತುದಿಯವರೆಗೆ ಗುಲಾಬಿ, ಹಸಿರು, ಕೆಲವಕ್ಕೆ ನೆತ್ತಿಯಲ್ಲಿ ಕಡುಗಪ್ಪು. ಲಿಥಿಯಂ ಇರುವ ಈ ಬಗೆಗೆ 1913ರಲ್ಲಿ ದ್ವೀಪದ ಹೆಸರೇ ಸಿಕ್ಕಿತು: ಎಲ್ಬಾಯಿಟ್.

ನನ್ನನ್ನು ಹೆಚ್ಚು ಕಾಡುವುದು ಬಣ್ಣವೇ ಇಲ್ಲದ ಇನ್ನೊಂದು ಹರಳು, ಪೊಲ್ಲುಸೈಟ್. 1846ರಲ್ಲಿ ಜರ್ಮನಿಯ ಪ್ಲಾಟ್ನರ್ ಎಂಬ ರಸಾಯನತಜ್ಞ ಅದನ್ನು ಪರೀಕ್ಷಿಸಿದ. ಸಿಕ್ಕ ಅಂಶಗಳ ಶೇಕಡಾ ಪಾಲನ್ನೆಲ್ಲ ಕೂಡಿದರೆ ನೂರಾಗಬೇಕು. ಸುಮಾರು 93ಕ್ಕೇ ನಿಂತಿತು. ಅವನು ಸುಳ್ಳು ಅಂಕಿ ತುಂಬಿ ನೂರು ಮಾಡಲಿಲ್ಲ, ಕೊರತೆಯನ್ನು ಇದ್ದಂತೆಯೇ ಪ್ರಕಟಿಸಿದ. ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. 1860ರಲ್ಲಿ ಸೀಸಿಯಂ ಎಂಬ ಹೊಸ ಧಾತು ಪತ್ತೆಯಾಯಿತು. 1864ರಲ್ಲಿ ಪಿಸಾನಿ ಎಂಬಾತ ಅದೇ ಖನಿಜವನ್ನು ಮತ್ತೆ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು: ಪ್ಲಾಟ್ನರ್ ಪೊಟ್ಯಾಸಿಯಂ ಎಂದುಕೊಂಡಿದ್ದು ಅದಕ್ಕಿಂತ ಬಹಳ ಭಾರದ ಸೀಸಿಯಂ. ಲೆಕ್ಕ ಸರಿಹೋಯಿತು. ಅದನ್ನು ಕೇಳಲು ಪ್ಲಾಟ್ನರ್ ಇರಲಿಲ್ಲ, 1858ರಲ್ಲೇ ತೀರಿಕೊಂಡಿದ್ದ.

ಈ ಹರಳುಗಳನ್ನು ಬಂಡೆಯಿಂದ ಬಿಡಿಸಿದವರು ಯಾರು? ಊರವರು. ಅವರಲ್ಲಿ ಲುಯಿಜಿ ಚೆಲ್ಲೇರಿ ದೊಡ್ಡ ಹೆಸರು. ಯಾವ ಬಿರುಕಿನ ಹಿಂದೆ ಪೊಟರೆ ಇದೆ ಎಂದು ಕಂಡುಹಿಡಿದು, ಹರಳಿನ ತುದಿ ಮುರಿಯದಂತೆ ಕಲ್ಲು ಸೀಳುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಸಿರಿವಂತ ಸಂಗ್ರಾಹಕರು ಕೊಂಡದ್ದರಲ್ಲಿ ಬಹುಪಾಲು ಫ್ಲಾರೆನ್ಸ್‌ನ ವಸ್ತುಸಂಗ್ರಹಾಲಯ ಸೇರಿ, ಆ ಕಲ್ಲುಗಳ ಸಂಗ್ರಹ 'ಐದು ಸಾವಿರ ಎಲ್ಬಾದವರು' ಎಂದೇ ಹೆಸರಾಯಿತು. ಪ್ರಬಂಧಗಳಲ್ಲಿ ಮೆರೆದದ್ದು ವಿದ್ವಾಂಸರ ಹೆಸರು. ಇದು ನನಗೆ ಸರಿ ಎನಿಸುವುದಿಲ್ಲ. ಈಗ ಸಾನ್ ಪಿಯೆರೊದಲ್ಲೇ ಒಂದು ಖನಿಜ ಸಂಗ್ರಹಾಲಯವಿದೆ. ಅದಕ್ಕೆ ಇಟ್ಟಿರುವುದು ಚೆಲ್ಲೇರಿಯ ಹೆಸರನ್ನು.

ನಮಸ್ಕಾರ.