ಟೋಟಲ್ 8.40 ಇತ್ತು, ಆದ್ರೂ ಪ್ಯಾಕ್ ಊದ್ಕೊಳ್ತು

ಈ ಬೀಪ್ ಬೀಪ್ ಸೌಂಡ್ ಕೇಳಿಸ್ತಲ್ಲ, ಚಾರ್ಜರ್ದು, ಫುಲ್ ಆಯ್ತು ಅಂತಿದೆ. ಸ್ಕ್ರೀನ್ ಮೇಲೆ 8.40 ವೋಲ್ಟ್. ಹೋದ ಸೀಸನ್ ತನಕ ನಾನು ಇಷ್ಟು ನೋಡಿ ಬ್ಯಾಟರಿ ಪ್ಯಾಕ್ ಕಿತ್ತು ನನ್ನ ರಿಮೋಟ್ ಕಂಟ್ರೋಲ್ ರೇಸ್ ಕಾರಿಗೆ ಹಾಕ್ಕೊಂಡು ಟ್ರ್ಯಾಕ್ ಕಡೆ ಓಡ್ತಿದ್ದೆ. ಈಗ ಇನ್ನೊಂದ್ ಸಲ ಬಟನ್ ಒತ್ತಿ ಸೆಲ್‌ಗಳ ಪೇಜಿಗೆ ಹೋಗ್ತೀನಿ, ಒಂದೊಂದು ಸೆಲ್ಲಲ್ಲಿ ಎಷ್ಟಿದೆ ಅಂತ ನೋಡಿನೇ ಕೀಳೋದು. ಈ ಬುದ್ಧಿ ಸುಮ್ನೆ ಬರ್ಲಿಲ್ಲ, ಒಂದು ಪ್ಯಾಕ್ ಕಳ್ಕೊಂಡ ಮೇಲೆ ಬಂದಿದ್ದು.

ಆ ಪ್ಯಾಕೇ ಇದು ನೋಡಿ. ಲೈಪೋ, ಅಂದ್ರೆ ಲಿಥಿಯಂ ಪಾಲಿಮರ್ ಬ್ಯಾಟರಿ. 2ಎಸ್, ಅಂದ್ರೆ ಸೀರೀಸಲ್ಲಿ ಎರಡು ಸೆಲ್, 5000 ಎಂಎಎಚ್ ಕೆಪ್ಯಾಸಿಟಿ, ಗಟ್ಟಿ ಪ್ಲಾಸ್ಟಿಕ್ಕಿನ ಹಾರ್ಡ್ ಕೇಸ್. ಟೇಬಲ್ ಮೇಲೆ ಇಟ್ಟು ಒಂದು ತುದಿ ಒತ್ತಿದ್ರೆ ಇನ್ನೊಂದು ತುದಿ ಎದ್ದೇಳುತ್ತೆ, ಅಂದ್ರೆ ತಳ ಚಪ್ಪಟೆ ಇಲ್ಲ. ಒಳಗಿರೋ ಎರಡು ಸೆಲ್ಲಲ್ಲಿ ಒಂದು ಊದ್ಕೊಂಡಿದೆ. ಹಾರ್ಡ್ ಕೇಸಿನ ತೊಂದ್ರೆನೇ ಇದು, ಕಲ್ಲು ಪೆಟ್ಟಿಂದ ಕಾಪಾಡುತ್ತೆ ಸರಿ, ಆದ್ರೆ ಒಳಗಡೆ ಗ್ಯಾಸ್ ತುಂಬ್ಕೊಂಡಿದ್ರೂ ಗೊತ್ತಾಗೋದು ಲೇಟು. ಕೇಸಿನ ಜಾಯಿಂಟ್ ಬಾಯಿ ಬಿಟ್ಟಿದ್ಯಾ, ಬ್ಯಾಟರಿ ಟ್ರೇಯಲ್ಲಿ ಮೊದ್ಲಿನ ಥರ ಸಲೀಸಾಗಿ ಕೂರಲ್ವಾ, ಇಂಥದ್ರಲ್ಲೇ ಕಂಡುಹಿಡೀಬೇಕು.

ಏನಾಯ್ತು ಅಂದ್ರೆ, ಒಂದೊಂದು ಸೆಲ್ಲನ್ನೂ ಚಾರ್ಜರಿಗೆ ಬೇರೆ ಬೇರೆ ತೋರಿಸೋ ಬ್ಯಾಲೆನ್ಸ್ ಲೀಡಿನ ಒಂದು ತೆಳು ವೈರ್ ಕಿತ್ತೋಗಿತ್ತು, ಸೋಲ್ಡರ್ ಮಾಡಿದ್ರೆ ಹತ್ತು ನಿಮಿಷದ ಕೆಲ್ಸ, ಮಾಡ್ಲಿಲ್ಲ. ಬ್ಯಾಲೆನ್ಸ್ ಮೋಡ್ ಹಾಕಿದ್ರೆ ಚಾರ್ಜರ್ ಎರರ್ ಕೊಡ್ತಿತ್ತು, ಅದಕ್ಕೆ ಬರೀ ಚಾರ್ಜ್ ಮೋಡಲ್ಲಿ ಹಾಕೋಕೆ ಶುರು ಮಾಡ್ದೆ, ಬೇಗನೂ ಆಗ್ತಿತ್ತಲ್ಲ, ಅದೇ ಆರಾಮು ಅನ್ಸಿ ನಾಲ್ಕೈದು ವಾರ ಹಂಗೇ ಕಳೀತು.

ಆ ಬ್ಯಾಲೆನ್ಸ್ ಲೀಡ್ ಇಲ್ದೆ ಇದ್ರೆ ಚಾರ್ಜರಿಗೆ ಕಾಣೋದು ಎರಡು ಸೆಲ್ ಸೇರಿದ ಟೋಟಲ್ ಮಾತ್ರ. ಒಂದು ಲೈಪೋ ಸೆಲ್ ಫುಲ್ ಅಂದ್ರೆ 4.20, ಎರಡಕ್ಕೆ 8.40. ಆದ್ರೆ 4.27 ಪ್ಲಸ್ 4.13 ಕೂಡಿದ್ರೂ 8.40 ತಾನೆ? ಚಾರ್ಜರ್ ಪಾಪ ಖುಷಿಯಾಗಿ ಬೀಪ್ ಹೊಡೆಯುತ್ತೆ, ಅಲ್ಲಿ ಒಂದು ಸೆಲ್ ಓವರ್‌ಚಾರ್ಜ್ ಆಗಿರುತ್ತೆ.

ಇನ್ನೊಂದು ಕಡೆ ಕಾರಿನ ಇಎಸ್‌ಸಿ. ಮೋಟರಿಗೆ ಎಷ್ಟು ಪವರ್ ಹೋಗ್ಬೇಕು ಅಂತ ನೋಡ್ಕೊಳ್ಳೋ ಸರ್ಕ್ಯೂಟ್ ಅದು. ನಂದ್ರಲ್ಲಿ ಕಟಾಫ್, ಅಂದ್ರೆ ಬ್ಯಾಟರಿ ಇಳಿದಾಗ ಪವರ್ ನಿಲ್ಲಿಸೋ ಮಟ್ಟ, ಸೆಲ್ಲಿಗೆ 3.2 ಅಂತ ಸೆಟ್ ಇದೆ, ಆದ್ರೆ ಅದಕ್ಕೆ ಹೋಗೋದು ಎರಡು ದಪ್ಪ ವೈರ್ ಅಷ್ಟೇ, ಅದೂ ನೋಡೋದು ಟೋಟಲ್ 6.4 ಬಂತಾ ಇಲ್ವಾ ಅಂತ. ಒಂದು ಸೆಲ್ 3.5ರಲ್ಲಿ ಹಾಯಾಗಿದ್ದು ಇನ್ನೊಂದು 2.9ಕ್ಕೆ ಇಳಿದಿದ್ರೂ ಅದಕ್ಕೆ ಗೊತ್ತಾಗಲ್ಲ, ಅಲ್ಲಿ ತನಕ ಕಾರು ಓಡ್ತಾನೇ ಇರುತ್ತೆ.

ನಂಗೆ ಹೊಟ್ಟೆ ಉರಿದಿದ್ದು ಯಾವಾಗ ಅಂದ್ರೆ, ಈ ಎರಡೂ ಕಡೆ ಏಟು ತಿಂದಿದ್ದು ಒಂದೇ ಸೆಲ್ಲು ಅಂತ ಅರ್ಥ ಆದಾಗ. ಸೀರೀಸಲ್ಲಿ ಇರೋದ್ರಿಂದ ಎರಡಕ್ಕೂ ಹೋಗೋದು ಅಷ್ಟೇ ಕರೆಂಟು, ಬರೋದೂ ಅಷ್ಟೇ. ಒಂದು ದೊಡ್ಡ ಬಿಂದಿಗೆ ಒಂದು ಸಣ್ಣ ಬಿಂದಿಗೆ ಇಟ್ಟು ಎರಡಕ್ಕೂ ಒಂದೇ ಸಮ ನೀರು ಬಿಟ್ರೆ ಮೊದ್ಲು ತುಂಬಿ ಚೆಲ್ಲೋದು ಸಣ್ಣದು, ಒಂದೇ ಸಮ ಬಗ್ಗಿಸಿದ್ರೆ ಮೊದ್ಲು ಖಾಲಿ ಆಗೋದೂ ಅದೇ. ಕೆಪ್ಯಾಸಿಟಿ ಸ್ವಲ್ಪ ಕಮ್ಮಿ ಆಗಿರೋ ಸೆಲ್ಲಿನ ಗತಿ ಇದು. ಮೊದ್ಲೇ ಸೊರಗಿದೆ, ಅದನ್ನೇ ಮೇಲೂ ಎಳೀತೀವಿ ಕೆಳಗೂ ಎಳೀತೀವಿ, ರೇಸಿನ ಪ್ರತಿ ರೌಂಡಲ್ಲೂ ಇನ್ನಷ್ಟು ಸೊರಗುತ್ತೆ.

ಈಗ ಬ್ಯಾಲೆನ್ಸ್ ಚಾರ್ಜ್ ಏನ್ ಮಾಡುತ್ತೆ ಅಂದ್ರೆ ಏನೂ ಮಾಯ ಇಲ್ಲ. 2ಎಸ್‌ಗೆ ಮೂರು ಪಿನ್ನಿನ ಸಣ್ಣ ಕನೆಕ್ಟರ್ ಇದ್ಯಲ್ಲ, ಅದರಲ್ಲಿ ಒಂದೊಂದು ಸೆಲ್ಲನ್ನೂ ಬೇರೆ ಬೇರೆ ಅಳೆಯುತ್ತೆ, ಮುಂದೆ ಹೋಗಿರೋ ಸೆಲ್ಲಿಂದ ಸ್ವಲ್ಪ ಕರೆಂಟ್ ತೆಗೆದು ರೆಸಿಸ್ಟರಲ್ಲಿ ಬಿಸಿ ಮಾಡಿ ಬಿಸಾಕುತ್ತೆ, ಅಷ್ಟ್ರಲ್ಲಿ ಹಿಂದಿರೋದು ಬಂದು ಸೇರ್ಕೊಳ್ಳುತ್ತೆ. ಸಾಮಾನ್ಯ ಚಾರ್ಜರಲ್ಲಿ ಈ ಬ್ಲೀಡ್ ಆಗೋ ಕರೆಂಟ್ 200, 300 ಮಿಲಿಆಂಪ್ ಅಷ್ಟೇ. 5000ದ ಪ್ಯಾಕಲ್ಲಿ ಎರಡು ಪರ್ಸೆಂಟ್ ವ್ಯತ್ಯಾಸ ಇದ್ರೆ 100 ಎಂಎಎಚ್, 200ರಲ್ಲಿ ಅದನ್ನ ಇಳಿಸೋಕೆ ಅರ್ಧ ಗಂಟೆ ಬೇಕು. ಅದರ ಜೊತೆ 4.20 ಮುಟ್ಟಿದ ಮೇಲೆ ಚಾರ್ಜರೇ ವೋಲ್ಟೇಜ್ ಹಿಡಿದಿಟ್ಟು ಆಂಪ್ಸ್ ಇಳಿಸ್ತಾ ಬರುತ್ತೆ, 5 ಆಂಪಿಂದ ಸುಮಾರು ಅರ್ಧ ಆಂಪ್ ತನಕ. ಕೊನೇ ಸ್ವಲ್ಪಕ್ಕೆ ಯಾಕಪ್ಪಾ ಇಷ್ಟೊತ್ತು ಅಂತ ಬೈಕೊಂಡು ಅರ್ಧಕ್ಕೇ ಕೀಳ್ತೀವಲ್ಲ, ಕೆಲ್ಸ ನಡೀತಿರೋದೇ ಅಲ್ಲಿ.

ಇನ್ನೊಂದು, ಇದು ನಾನು ತುಂಬ ಲೇಟಾಗಿ ಕಲ್ತಿದ್ದು. 3.8 ಹತ್ರ ಎರಡೂ ಸೆಲ್ ಸಮ ಇದೆ ಅಂತ ಸಮಾಧಾನ ಪಟ್ಕೋಬೇಡಿ. ಅಲ್ಲಿ ಲೈಪೋ ಕರ್ವ್ ಚಪ್ಪಟೆ, ಒಳಗೆ ಎಷ್ಟೇ ವ್ಯತ್ಯಾಸ ಇದ್ರೂ ವೋಲ್ಟೇಜಲ್ಲಿ ಅಷ್ಟಾಗಿ ಕಾಣಲ್ಲ. ರೇಸ್ ಮುಗಿಸಿ ತಂದಾಗ ನೋಡಿ, ಒಂದು 3.70 ಇನ್ನೊಂದು 3.52 ಅಂತ ಬಂದ್ರೆ ಅಲ್ಲಿಗೆ ಬಣ್ಣ ಬಯಲು. ನಾನೀಗ ಪ್ಯಾಕ್ ಮೇಲೆ ಟೇಪ್ ಅಂಟಿಸಿ ಆ ನಂಬರ್ ಬರೆದಿಡ್ತೀನಿ. ಇಂಟರ್ನಲ್ ರೆಸಿಸ್ಟೆನ್ಸೂ ಅಷ್ಟೇ, ಸೆಲ್ ಒಳಗೇ ಕರೆಂಟಿಗೆ ಇರೋ ತಡೆ ಅದು, ಜಾಸ್ತಿ ಆದಷ್ಟೂ ಕಾರಿಗೆ ಸಿಗೋ ಪವರ್ ಕಮ್ಮಿ. ಅದೇ ಚಾರ್ಜರಲ್ಲಿ, ಹೆಚ್ಚುಕಮ್ಮಿ ಅದೇ ಟೆಂಪರೇಚರಲ್ಲಿ ನೋಡಿದ್ರೆ ಮಾತ್ರ ಹೋಲಿಸೋಕೆ ಬರುತ್ತೆ. ಈ ಊದಿರೋ ಪ್ಯಾಕಲ್ಲಿ ಒಂದು ಸೆಲ್ 3 ಮಿಲಿಓಮ್, ಇನ್ನೊಂದು 9. ಸ್ಟ್ರೈಟಲ್ಲಿ ಥ್ರಾಟಲ್ ಒತ್ತಿದ್ರೆ ಕಾರು ಯಾಕೆ ಮಂಕಾಯ್ತು ಅಂತ ಗೇರಿಂಗ್ ಚೇಂಜ್ ಮಾಡ್ತಾ ಕೂತಿದ್ದೆ ನಾನು!

ಸರಿ, ಈಗ ಮುಂದಿನ ಪ್ಯಾಕ್ ಹಾಕ್ತೀನಿ, ಕೈ ನೋಡ್ಕೊಳ್ಳಿ. ಮೊದ್ಲು ವೈರ್ ಚಾರ್ಜರಿಗೆ, ಆಮೇಲೆ ಬ್ಯಾಟರಿಗೆ. ಉಲ್ಟಾ ಮಾಡಿದ್ರೆ ಚಾರ್ಜರ್ ಕಡೆಯ ಎರಡು ಪ್ಲಗ್ ಬರಿಮೈಯಲ್ಲಿ ಒಂದಕ್ಕೊಂದು ತಾಗಿದ್ರೆ ಶಾರ್ಟ್ ಆಗುತ್ತೆ, ಆ ಕಿಡಿ ಒಂದ್ಸಲ ನೋಡಿದ್ರೆ ಸಾಕು. ಪ್ಲಸ್ ಮೈನಸ್ ಎರಡು ಸಲ ನೋಡಿ, ಹಾರ್ಡ್ ಕೇಸಲ್ಲಿ ಬುಲೆಟ್ ಅನ್ನೋ ದುಂಡು ಪಿನ್ ಪ್ಲಸ್, ಮೈನಸ್ ಎರಡೂ ತೂತಲ್ಲಿ ಕೂರುತ್ತೆ, ತಪ್ಪಿದ್ರೆ ತಡೆಯೋರಿಲ್ಲ. ಆಮೇಲೆ ಬ್ಯಾಲೆನ್ಸ್ ಲೀಡ್. ಮೋಡ್ ಲೈಪೋ ಬ್ಯಾಲೆನ್ಸ್, 2ಎಸ್, 5 ಆಂಪ್, ಅಂದ್ರೆ 1ಸಿ, ಪ್ಯಾಕಿನ ಕೆಪ್ಯಾಸಿಟಿ ಎಷ್ಟೋ ಅಷ್ಟೇ ಆಂಪ್. ಪ್ಯಾಕ್ ಮೇಲೆ ಇದಕ್ಕಿಂತ ಜಾಸ್ತಿ ಚಾರ್ಜ್ ರೇಟ್ ಬರೆದಿರಬಹುದು, ನಂಗೆ ಅರ್ಜೆಂಟಿಲ್ಲ. ಎಚ್‌ವಿ ಮೋಡಂತೂ ಮುಟ್ಬೇಡಿ, ಅದು ಹೈ ವೋಲ್ಟೇಜ್ ಪ್ಯಾಕಿಗೆ, ಸೆಲ್ಲನ್ನ 4.35ಕ್ಕೆ ತಗೊಂಡೋಗುತ್ತೆ, ಮಾಮೂಲಿ ಲೈಪೋ ತಡ್ಕೊಳ್ಳಲ್ಲ. ರೇಸಿಂದ ಬಿಸಿ ಬಿಸಿ ಬಂದ ಪ್ಯಾಕ್ ತಣ್ಣಗಾಗೋ ತನಕ ಚಾರ್ಜಿಗಿಡಲ್ಲ. ಕೆಳಗಡೆ ಟೈಲ್ಸ್, ಪ್ಯಾಕ್ ಬೆಂಕಿ ತಡೆಯೋ ಲೈಪೋ ಬ್ಯಾಗಲ್ಲಿ, ನಾನು ಇದೇ ರೂಮಲ್ಲಿ. ರೇಸ್ ಕ್ಯಾನ್ಸಲ್ ಆದ್ರೆ ಫುಲ್ ಚಾರ್ಜಲ್ಲಿ ಹಂಗೇ ಬಿಡಲ್ಲ, ಸ್ಟೋರೇಜ್ ಮೋಡ್ ಹಾಕಿ 3.8ಕ್ಕೆ ಇಳಿಸ್ತೀನಿ.

ಊದಿರೋ ಪ್ಯಾಕಿಗೆ ಇನ್ನು ಚಾರ್ಜ್ ಇಲ್ಲ. ಹೊರಗಡೆ ಇಟ್ಟು, ಬಲ್ಬ್ ಕಟ್ಟಿ ನಿಧಾನಕ್ಕೆ ಪೂರ್ತಿ ಖಾಲಿ ಮಾಡಿ, ಹಳೇ ಬ್ಯಾಟರಿ ತಗೊಳ್ಳೋ ರೀಸೈಕ್ಲಿಂಗ್ ಕಡೆ ಕೊಡೋದು. ಕಸದ ಬುಟ್ಟಿಗಲ್ಲ.

ಹಾಂ, ಬೀಪ್ ಬಂತು. 8.40. ತಡೀರಿ, ಸೆಲ್ ಪೇಜ್... 4.20, 4.19. ಸರಿ, ಕೀಳ್ತೀನಿ, ಮೊದ್ಲು ಬ್ಯಾಟರಿ ಕಡೆಯಿಂದ.