ಉಪ್ಪಳಕ್ಕೆ ಎಷ್ಟು ಮನೆ?

ನಮಸ್ಕಾರ, ನಮಸ್ಕಾರ. ಇವತ್ತು ಮಾತಾಡ್ಲಿಕ್ಕೆ ಇದ್ದದ್ದು ಬೇರೆ ವಿಷಯ. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಅಸಿಂಕ್ ಬಗ್ಗೆ ಎರಡು ಪುಟ ಬರೆದಿಟ್ಟಿದ್ದೆ. ಅದು ಅಲ್ಲೇ ಇರ್ಲಿ. ನಿನ್ನೆ ರಾತ್ರಿ ಊಟ ಆಗಿ ಕೈ ತೊಳೆದು ಬಂದು ಮೊಬೈಲ್ ನೋಡಿದ್ರೆ ಕಳೆದ ವೀಡಿಯೋದ ಅಡಿಯಲ್ಲಿ ಒಂದು ಕಮೆಂಟು: "ಅಣ್ಣಾ, ಟರ್ಮಿನಲ್‌ನಲ್ಲಿ ಕನ್ನಡ ಯಾರಿಗೆ ಬೇಕು? ಇಂಗ್ಲಿಷ್‌ನಲ್ಲಿ ಹಾಕಿದ್ರೆ ಮುಗೀತಲ್ಲ." ಅದಕ್ಕೆ ಹದಿಮೂರು ಲೈಕು. ಹದಿಮೂರರಲ್ಲಿ ಒಂದು ನನ್ನ ಭಾವನದ್ದು. ಭಾವಾ, ನೋಡಿದ್ದೇನೆ. ಶನಿವಾರ ಊಟಕ್ಕೆ ಬರ್ತೀಯಲ್ಲ, ಬಾ.

ಹೊಸಬರಿಗೆ ಒಂದು ಮಾತು. ನಾನು ಒಂಬತ್ತು ತಿಂಗಳಿಂದ ರಸ್ಟ್‌ನಲ್ಲಿ ಒಂದು ಟಿಯುಐ ಲೈಬ್ರರಿ, ಅಂದ್ರೆ ಬೇರೆ ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡು, ಕಟ್ತಾ ಇದ್ದೇನೆ. ಟಿಯುಐ ಅಂದ್ರೆ ಟರ್ಮಿನಲ್ ಅನ್ನುವ, ಬರೇ ಅಕ್ಷರ ಕಾಣುವ ಆ ಕಪ್ಪು ಪರದೆಯ ಒಳಗೇ ಮೆನು, ಪಟ್ಟಿ, ಕೋಷ್ಟಕ ಎಲ್ಲ ಬಿಡಿಸುವುದು. "ರಾಟಟೂಯಿ ಅಂತ ಇಂಥದ್ದೇ ಲೈಬ್ರರಿ ಉಂಟಲ್ಲ, ನೀನು ಎಂತಕ್ಕೆ ಪೊಕ್ಕಡೆ ಕಷ್ಟಪಡುವುದು?" ಅಂತ ಕೇಳುವವರಿಗೆ: ಉಂಟು, ಒಳ್ಳೆದುಂಟು, 2023ರಲ್ಲಿ ಹಳೆ ಟಿಯುಐ-ಆರ್‌ಎಸ್ಸಿನಿಂದ ಕವಲೊಡೆದು ಬಂದದ್ದು, ನಾನೂ ಬಳಸ್ತೇನೆ. ಮನೆಯಲ್ಲಿ ಅನ್ನ ಉಂಟು ಅಂತ ಯಾರಾದ್ರೂ ನೀರುದೋಸೆ ಮಾಡುವುದು ಬಿಡ್ತಾರಾ?

ಒಂಬತ್ತು ತಿಂಗಳಲ್ಲಿ ನಾನು ಕಲಿತದ್ದು ಒಂದೇ. ಟಿಯುಐ ಲೈಬ್ರರಿ ಅಂದ್ರೆ ಅಗಲ ಅಳೆಯುವ ಸಾಮಾನು. ಉಳಿದದ್ದೆಲ್ಲ ಬಣ್ಣ.

ಅಡಿಕೆ ತೋಟ ನೋಡಿದ್ದೀರಲ್ಲ? ಒಂಬತ್ತು ಅಡಿಗೊಂದು ಗುಂಡಿ. ಕಣಿ ತೆಗೆಯುವುದೂ ಅದರ ಲೆಕ್ಕಕ್ಕೆ, ನೀರು ಬಿಡುವುದೂ ಅದರ ಲೆಕ್ಕಕ್ಕೆ. ಟರ್ಮಿನಲ್ ಹಾಗೆಯೇ ಮಾರಾಯ್ರೆ, ಬರೇ ಮನೆಗಳ ಸಾಲು. ಮನೆ ಅಂದ್ರೆ ಒಂದು ಅಕ್ಷರ ಕೂರುವ ಚೌಕ. 1978ರ ವಿಟಿ100 ಯಂತ್ರದಲ್ಲಿ ಒಂದು ಸಾಲಿಗೆ 80 ಮನೆ, ಒಟ್ಟು 24 ಸಾಲು. ಆ 80 ಎಲ್ಲಿಂದ ಬಂತು? 1928ರ ಐಬಿಎಂ ರಟ್ಟಿನ ಕಾರ್ಡಿನಿಂದ. ಅದರಲ್ಲಿ ತೂತು ಹಾಕ್ಲಿಕ್ಕೆ 80 ಕಂಬಸಾಲು ಇತ್ತು. ನೂರು ವರ್ಷ ಹತ್ತಿರ ಆಯ್ತು, ನಾವಿನ್ನೂ ಆ ತೂತಿನ ಲೆಕ್ಕದಲ್ಲೇ ಕೂತಿದ್ದೇವೆ.

ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ. ಚೀನೀ ಅಕ್ಷರಕ್ಕೆ ಎರಡು. ನಮ್ಮದು? ಕೆಳಗೆ ಒತ್ತು, ಬದಿಗೆ ದೀರ್ಘ, ಮೇಲೆ ಗುಡಿಸು. ಗುಂಡಿ ಅಳೆದು ಹುಟ್ಟಿದ ಲಿಪಿ ಅಲ್ಲ ಇದು.

ಕಥೆ ಕೇಳಿ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ನನ್ನ ದೋಸ್ತಿಯದ್ದು ಒಂದು ಜೆರಾಕ್ಸ್ ಅಂಗಡಿ. ಬೆಳಗ್ಗಿಂದ ರಾತ್ರಿವರೆಗೆ ಅವನ ಹತ್ರ ಜನ ಬಸ್ಸಿನ ಟೈಮು ಕೇಳುವುದು. ಬಸ್ಸಿನ ಬೋರ್ಡು ಬರೇ ಮಲಯಾಳದಲ್ಲಿ ಬಂದ್ರೆ ನಮ್ಮ ಕಡೆಯ ಪ್ರಾಯದವರು ಮತ್ತೆಂತ ಮಾಡುವುದು, ಅವನನ್ನೇ ಕೇಳ್ತಾರೆ. ಅವನ ಹತ್ರ ಒಂದು ಹಳೆ ಲ್ಯಾಪ್‌ಟಾಪ್ ಇತ್ತು, ಬ್ರೌಸರ್ ಓಪನ್ ಮಾಡಿದ್ರೆ ಫ್ಯಾನು ಅಕ್ಕಿ ಮಿಲ್ಲಿನ ಹಾಗೆ ಸದ್ದು ಮಾಡುವಂಥದ್ದು. ಅದಕ್ಕೆ ಲಿನಕ್ಸ್ ಹಾಕಿ, ನನ್ನ ಲೈಬ್ರರಿಯಲ್ಲಿ ಒಂದು ಬಸ್ ಪಟ್ಟಿ ಮಾಡಿ ಕೊಡ್ತೇನೆ ಅಂದೆ. ಉಪ್ಪಳ, ಮಂಜೇಶ್ವರ, ತಲಪಾಡಿ, ಬದಿಯಡ್ಕ, ಕಾಸರಗೋಡು. ಊರಿನ ಹೆಸರಿಗೆ 20 ಮನೆ, ಮತ್ತೆ ಒಂದು ನೆಟ್ಟಗೆರೆ, ಮತ್ತೆ ಟೈಮು. ಕನ್ನಡದಲ್ಲಿ. ಯಾರಿಗೆ ಬೇಕು ಅಂತ ಕೇಳಿದ್ರಲ್ಲ, ಇವರಿಗೆ ಬೇಕು.

ಮೊದಲ ಸಲ ನಾನು ಮಾಡಿದ್ದು ಭಯಂಕರ ಬುದ್ಧಿವಂತಿಕೆ. ಹೆಸರಿನ ಉದ್ದವನ್ನು ಸ್ಟ್ರಿಂಗ್‌ನ ಲೆನ್‌ನಲ್ಲಿ ತೆಗೆದು, 20ರಿಂದ ಕಳೆದು, ಅಷ್ಟು ಖಾಲಿ ಜಾಗ ತುಂಬಿಸುವುದು. ಇಂಗ್ಲಿಷ್ ಹೆಸರು ಹಾಕಿ ನೋಡಿದೆ, ನೆಟ್ಟಗೆ ಬಂತು. ಕನ್ನಡ ಹಾಕಿದ ಕೂಡ್ಲೇ ಪ್ರೋಗ್ರಾಮು ಮಂಜೇಶ್ವರದಲ್ಲಿ ಸತ್ತೇ ಹೋಯ್ತು. ಯಾಕೆ? ಲೆನ್ ಕೊಡುವುದು ಬೈಟು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು; ಅಕ್ಷರ, ಸೊನ್ನೆ, ದೀರ್ಘ ಎಲ್ಲ ಬೇರೆ ಬೇರೆ ಸಂಕೇತ. ಮಂಜೇಶ್ವರದಲ್ಲಿ ಎಂಟು ಸಂಕೇತ, ಅಂದ್ರೆ 24. ಇಪ್ಪತ್ತರಿಂದ ಇಪ್ಪತ್ನಾಲ್ಕು ಕಳೆದ್ರೆ ಮೈನಸ್ ನಾಲ್ಕು, ರಸ್ಟ್‌ನ ಯುಸೈಜ್‌ನಲ್ಲಿ ಮೈನಸ್ ಇಲ್ಲವೇ ಇಲ್ಲ. ಪರೀಕ್ಷೆಗೆ ಮಾಡುವ ಡೀಬಗ್ ಬಿಲ್ಡ್ ಆದ್ರೆ ಪ್ಯಾನಿಕ್, ಅಂದ್ರೆ ಪ್ರೋಗ್ರಾಮು ಅಲ್ಲೇ ಸಾಯುವುದು. ರಿಲೀಸ್ ಬಿಲ್ಡ್‌ನಲ್ಲಿ ಅದು ಸುತ್ತು ಹೊಡೆದು ಇಪ್ಪತ್ತು ಅಂಕಿಯ ಸಂಖ್ಯೆ ಆಗ್ತದೆ. ಮಂಜೇಶ್ವರದ ಎದುರು ಅಷ್ಟು ಖಾಲಿ ಜಾಗ. ರಾಷ್ಟ್ರಕವಿ ಗೋವಿಂದ ಪೈಗಳ ಊರು ಸ್ವಾಮಿ ಅದು, ಸ್ವಲ್ಪ ಮರ್ಯಾದೆ ಬೇಡವಾ?

ಪ್ಯಾನಿಕ್ ಆದದ್ದು ರಾ ಮೋಡ್‌ನಲ್ಲಿ, ಅಂದ್ರೆ ಒತ್ತಿದ ಕೀ ಎಲ್ಲ ನೇರ ಪ್ರೋಗ್ರಾಮಿಗೇ ಹೋಗುವ ಸ್ಥಿತಿಯಲ್ಲಿ. ಹಾಗಾಗಿ ಟರ್ಮಿನಲ್ಲೂ ಹಾಳು. ಒತ್ತಿದ ಕೀ ಕಾಣುವುದಿಲ್ಲ, ಸಾಲು ಮೆಟ್ಟಿಲಿನ ಹಾಗೆ ಇಳೀತದೆ, ಕಣ್ಣುಮುಚ್ಚಿ ರೀಸೆಟ್ ಅಂತ ಟೈಪ್ ಮಾಡ್ಬೇಕು. ಇದಕ್ಕೆ ಮದ್ದುಂಟು: ಟರ್ಮಿನಲ್ಲನ್ನು ಮೊದಲಿನ ಸ್ಥಿತಿಗೆ ತರುವ ಕೆಲಸವನ್ನು, ಬಳಕೆ ಮುಗಿದಾಗ ತಾನಾಗಿ ಓಡುವ ಡ್ರಾಪ್‌ಗೆ ಒಪ್ಪಿಸಿ, ಪ್ಯಾನಿಕ್ ಹುಕ್ಕಿನಲ್ಲೂ ಹಾಕಿ, ಯಾಕಂದ್ರೆ ಪ್ಯಾನಿಕ್ ಆದ್ರೆ ನೇರ ಅಬಾರ್ಟ್ ಅಂತ ಇಟ್ಟವರಿಗೆ ಡ್ರಾಪ್ ಓಡುವುದೇ ಇಲ್ಲ. ಅಷ್ಟೇ. ಅದು ಅರ್ಧ ದಿನದ ಕೆಲಸ. ಅಗಲ ಒಂಬತ್ತು ತಿಂಗಳ ಕೆಲಸ.

ಎರಡನೇ ಸಲ ಚಾರ್, ಅಂದ್ರೆ ಬೈಟು ಬಿಟ್ಟು ಆ ಸಂಕೇತಗಳ ಲೆಕ್ಕ ಹಾಕಿದೆ. ರಸ್ಟ್‌ನ ಫಾರ್ಮ್ಯಾಟ್ ಮ್ಯಾಕ್ರೋ ಖಾಲಿ ಜಾಗ ತುಂಬಿಸುವುದೂ ಹಾಗೆಯೇ. ಸತ್ತು ಹೋಗುವುದು ನಿಂತಿತು. ಖುಷಿಯಲ್ಲಿ ಅಂಗಡಿಗೆ ತೆಗೊಂಡು ಹೋದೆ. ದೋಸ್ತಿ ಕನ್ನಡಕ ಹಾಕಿ ಪರದೆಯ ಹತ್ರ ಬಂದು ನೋಡಿದ, ಬೆರಳಿನಲ್ಲಿ ಮೇಲಿಂದ ಕೆಳಗೆ ಎಳೆದ, ಹೇಳಿದ: "ಗೆರೆ ಎಂತಕ್ಕೆ ಮಾರಾಯ ಕುಡಿದವನ ಹಾಗೆ ಹೋಗುವುದು?" ನೋಡಿದ್ರೆ ಹೌದು. ಕಾಸರಗೋಡಿನಲ್ಲಿ ಗೆರೆ ಸರಿಯಾದ ಜಾಗದಲ್ಲಿ. ಉಪ್ಪಳದಲ್ಲಿ ಒಂದು ಮನೆ ಒಳಗೆ. ಬದಿಯಡ್ಕದಲ್ಲಿ ಎರಡು ಮನೆ ಒಳಗೆ. ಆ ಟರ್ಮಿನಲ್ ದೀರ್ಘಕ್ಕೆ, ಕೊಂಬಿಗೆ ಒಂದೊಂದು ಮನೆ ಕೊಡ್ತದೆ. ಗುಡಿಸಿಗೆ ಇಲ್ಲ, ವಿರಾಮಕ್ಕೂ, ಅಂದ್ರೆ ಪ ಅನ್ನು ಪ್ ಮಾಡುವ ಚಿಹ್ನೆಗೂ ಇಲ್ಲ. ಉಪ್ಪಳದಲ್ಲಿ ವಿರಾಮ ಒಂದು. ಬದಿಯಡ್ಕದಲ್ಲಿ ಗುಡಿಸು ಒಂದು, ವಿರಾಮ ಒಂದು. ಹೀಗೆ ಗೆರೆ ಸರೀತದೆ.

ಗೆರೆ ತಪ್ಪಿದ ಜಾಗದಲ್ಲಿ ಬೀಳುವುದು ನಮ್ಮೂರಿಗೆ ಹೊಸತಲ್ಲ, ಅದೂ ಗೊತ್ತುಂಟು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಿಂದ ನೋಡ್ತಾ ಇದ್ದೇವೆ. ಗಡಿ ತಕರಾರಿನ ಮಹಾಜನ ವರದಿ ಬಂತು, ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಅಂತ ಬರೀತು, ವರದಿ ಕಪಾಟಿನಲ್ಲಿ ಉಳೀತು. ಆ ಗೆರೆ ನನ್ನಿಂದ ಸರಿ ಆಗುವಂಥದ್ದಲ್ಲ. ಕೋಷ್ಟಕದ ಗೆರೆಯನ್ನೂ ಬಿಡಬೇಕಾ? ಬಿಡುವುದಿಲ್ಲ.

ಲೈಕ್ ಒತ್ತಿದ್ದೀರಾ? ಒತ್ತಿ. ಮತ್ತೆ ಮಗ್. ಈ ಚಾನೆಲಿನದ್ದೇ ಮಗ್ ಬರ್ತಾ ಉಂಟು, ಬಿಳಿ ಮಗ್ಗಿನ ಮೇಲೆ "ಉಪ್ಪಳಕ್ಕೆ ಮೂರೇ ಅಕ್ಷರ" ಅಂತ. 40 ಮಾಡ್ಲಿಕ್ಕೆ ಕೊಟ್ಟಿದ್ದೇನೆ, ಇವತ್ತು ಸಂಜೆ ಬರ್ತದೆ. ಇನ್ನೂರ ಐವತ್ತು ರೂಪಾಯಿ.

ಮೂರೇ ಅಕ್ಷರ ಯಾಕೆ ಅಂತ ಹೇಳ್ತೇನೆ, ಮಂಡೆ ಬಿಸಿ ಆಗುವ ಜಾಗ ಇದು. ಎಲ್ಲರೂ ಹೇಳಿದ್ರು, "ಚಾರ್ ಬೇಡ, ಗ್ರಾಫೀಮ್ ಲೆಕ್ಕ ಹಾಕು." ಗ್ರಾಫೀಮ್ ಅಂದ್ರೆ ಓದುವವ ಒಂದು ಅಕ್ಷರ ಅಂತ ನೋಡುವ ತುಂಡು. ಸರಿ, ಹಾಕಿದೆ. ಕಾಸರಗೋಡು: ಕಾ, ಸ, ರ, ಗೋ, ಡು. ಐದು. ಚಂದ. ಉಪ್ಪಳ: ಉ, ಪ್, ಪ, ಳ. ನಾಲ್ಕು! ಒಂದನೇ ಕ್ಲಾಸಿನ ಮಗುವನ್ನು ಕೇಳಿ, ಉಪ್ಪಳಕ್ಕೆ ಎಷ್ಟು ಅಕ್ಷರ ಅಂತ. ಮೂರು ಹೇಳ್ತದೆ.

ಇದು ಯಾರದೋ ಕೋಡಿನ ಬಗ್ ಅಂತ ಎಣಿಸಿ ಎರಡು ರಾತ್ರಿ ಹುಡುಕಿದೆ. ಅಲ್ಲ. ಲಿಪಿಗಳಿಗೆ ಸಂಕೇತ ಕೊಡುವ ಪದ್ಧತಿ ಯೂನಿಕೋಡ್, ಅದರ 2023ರ 15.1ರಲ್ಲಿ ಹೊಸ ನಿಯಮ ಬಂತು, ಒತ್ತಕ್ಷರವನ್ನು ಒಡೆಯಬಾರದು ಅಂತ. ಒಳ್ಳೆ ನಿಯಮ. ಯಾವ ಲಿಪಿಗಳಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ. ಆರು. ಕನ್ನಡ ಅದರಲ್ಲಿ ಇಲ್ಲ. ಇಲ್ಲ ಮಾರಾಯ್ರೆ! ಅದೇ ಉಪ್ಪಳವನ್ನು ಮಲಯಾಳ ಲಿಪಿಯಲ್ಲಿ ಬರೆದ್ರೆ ಮೂರು, ಕನ್ನಡದಲ್ಲಿ ಬರೆದ್ರೆ ನಾಲ್ಕು. ಮಲಯಾಳದ ಅಮ್ಮ ಎರಡು, ಕನ್ನಡದ ಅಮ್ಮ ಮೂರು. ಒಂದೇ ಊರು, ಒಂದೇ ಬಸ್ ಸ್ಟ್ಯಾಂಡು, ಒಂದೇ ಅಮ್ಮ! ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಸಿಕ್ಕಿದ್ದು ಸರಿಯಾಗಿಯೇ ಸಿಕ್ಕಿದೆ. ನಮಗೂ ಬೇಕಿತ್ತು, ಅಷ್ಟೇ.

"ಮೂರೋ ನಾಲ್ಕೋ, ಏನು ವ್ಯತ್ಯಾಸ?" ಅಂತ ಒಬ್ಬ. ವ್ಯತ್ಯಾಸ ಹೇಳ್ತೇನೆ. ಟಿಯುಐ ಪ್ರತಿ ಸಲ ಇಡೀ ಪರದೆ ಬರೆಯುವುದಿಲ್ಲ. ಹಿಂದಿನ ಚಿತ್ರ ಇಟ್ಟುಕೊಂಡು, ಹೊಸತನ್ನು ಹೋಲಿಸಿ, ಬದಲಾದ ಮನೆ ಮಾತ್ರ ಕಳಿಸ್ತದೆ. ಪ್ ಒಂದು ಮನೆಯಲ್ಲಿ, ಪ ಪಕ್ಕದ ಮನೆಯಲ್ಲಿ. ಒಂದು ಬದಲಾಗಿ ಇನ್ನೊಂದು ಬದಲಾಗದಿದ್ರೆ ಎರಡು ಬೇರೆ ಬೇರೆ ತುಂಡಾಗಿ ಹೋಗ್ತವೆ, ಒತ್ತು ಕೂಡುವುದಿಲ್ಲ, ಪರದೆಯಲ್ಲಿ "ಉಪ್ ಪಳ". ಇನ್ನೊಂದು ರಗಳೆ: ಮಂಜೇಶ್ವರ ಇದ್ದ ಜಾಗಕ್ಕೆ ಪೆರ್ಲ ಬಂದ್ರೆ ಲೆಕ್ಕಕ್ಕೆ ಸಿಗದ ಬಾಲ ಅಳಿಸುವುದೇ ಇಲ್ಲ. "ಪೆರ್ಲ" ಮತ್ತೆ ಸ್ವಲ್ಪ ದೂರದಲ್ಲಿ ಒಂದು ಒಂಟಿ "ರ". ಒಬ್ಬರು ಅಜ್ಜ ಬಂದು "ಪೆರ್ಲರ? ಅದೆಲ್ಲಿ?" ಅಂತ ಕೇಳಿದ್ರಂತೆ.

ಮತ್ತೆ ನಾನು ಎಂತ ಮಾಡಿದೆ? ವಿರಾಮ ಆದ ಮೇಲೆ ವ್ಯಂಜನ ಬಂದ್ರೆ ಎರಡನ್ನೂ ಒಂದೇ ತುಂಡು ಮಾಡುವ ನಿಯಮ ನಾನೇ ಬರೆದೆ. ಅಗಲವನ್ನು ಟರ್ಮಿನಲ್ಲನ್ನೇ ಕೇಳಿದೆ. ಕೇಳ್ಲಿಕ್ಕೆ ಆಗ್ತದೆ! ಪದ ಬರೆದು, ಎಸ್ಕೇಪ್, ಚೌಕ ಆವರಣ, ಆರು, ಎನ್ ಕಳಿಸಿದ್ರೆ ಕರ್ಸರ್ ಯಾವ ಸಾಲು, ಯಾವ ಮನೆಯಲ್ಲಿ ನಿಂತಿದೆ ಅಂತ ಅದೇ ಹೇಳ್ತದೆ. ಕಾಸರಗೋಡಿಗೆ ಅಂಗಡಿಯ ಟರ್ಮಿನಲ್ ಎಂಟು ಅಂತು, ನನ್ನ ಮನೆಯದ್ದು ಐದು ಅಂತು. ಎರಡೂ ತಪ್ಪಲ್ಲ, ಅವರವರ ಲೆಕ್ಕ. ನಾನು ಸುರುವಿಗೆ ಒಂದು ಸಲ ಕೇಳಿ, ಬರೆದಿಟ್ಟುಕೊಂಡು, ಅದರಂತೆ ಜಾಗ ಕೊಡ್ತೇನೆ. "ಅದು ನಿಧಾನ, ದೂರದ ಕಂಪ್ಯೂಟರಿಗೆ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಬರುವ ಹೊತ್ತು ಹಿಡೀತದೆ" ಅಂತ ಹೇಳುವವರಿದ್ದಾರೆ. ಹಿಡಿಯಲಿ! ಕುಂಬಳೆಯಲ್ಲಿ ರೈಲ್ವೇ ಗೇಟು ಬಿದ್ರೆ ಎಷ್ಟು ಹೊತ್ತು ಕಾಯ್ತೀರಿ?

ಇನ್ನು ಲೇಔಟಿನವರು, ಪರದೆಯಲ್ಲಿ ಡಬ್ಬಿಗಳಿಗೆ ಜಾಗ ಹಂಚುವವರು. ಕ್ಯಾಸೊವರಿ ಅಂತ ಒಂದು ಅಲ್ಗಾರಿದಮ್ ಉಂಟು, ಹಾರ್ಲಿಕ್ಕೆ ಆಗದ ಒಂದು ಹಕ್ಕಿಯ ಹೆಸರು. ಈ ಡಬ್ಬಿಗೆ ಮೂವತ್ತು ಪರ್ಸೆಂಟು, ಆ ಡಬ್ಬಿಗೆ ಕಮ್ಮಿಯಲ್ಲಿ ಹತ್ತು ಮನೆ ಅಂತ ಷರತ್ತು ಕೊಟ್ರೆ ಬಿಡಿಸಿ ಕೊಡ್ತದೆ. ನನಗೂ ಇಷ್ಟ. ಆದ್ರೆ ಉಪ್ಪಳದ ಅಗಲ ಸುಳ್ಳು ಹೇಳಿದ ಮೇಲೆ ಹಕ್ಕಿ ಎಂತ ಮಾಡ್ತದೆ? ಸುಳ್ಳನ್ನೇ ನೀಟಾಗಿ ಜೋಡಿಸ್ತದೆ. ಅಗಲ ಮೊದಲು. ಅಗಲ! ತೀಮು, ಅನಿಮೇಶನ್ನು, ದುಂಡು ಮೂಲೆಯ ಡಬ್ಬಿ, ಅದೆಲ್ಲ ಆಮೇಲೆ.

"ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಮೊನೋಸ್ಪೇಸ್ ಫಾಂಟ್ ಹಾಕಿ ಅಣ್ಣಾ." ಹಾಕಿದೆ ತಮ್ಮಾ. ಕರ್ಸರ್ ಎಲ್ಲಿಗೆ ಹೋಗ್ಬೇಕು ಅಂತ ಹೇಳುವುದು ಫಾಂಟ್ ಅಲ್ಲ.

"ವೆಬ್‌ನಲ್ಲಿ ಮಾಡಿ." ಆ ಫ್ಯಾನಿನ ಸದ್ದು ನೀವು ಕೇಳಿಲ್ಲ.

"ಇಂಗ್ಲಿಷ್ ಎಲ್ಲರಿಗೂ ಬರ್ತದೆ." ನಿನ್ನ ಅಜ್ಜಿಗೆ ಬರ್ತದಾ? ಬರ್ತದೆ? ಒಳ್ಳೆದಾಯ್ತು, ನನ್ನ ಅಜ್ಜಿಗೆ ಬರುವುದಿಲ್ಲ. ಎಂತ ಮಾಡುವ? ಅಜ್ಜಿಯನ್ನು ರೀಫ್ಯಾಕ್ಟರ್ ಮಾಡುವುದಾ?

ಇಲ್ಲಿ ಸ್ಕ್ರಿಪ್ಟಿನಲ್ಲಿ ಇನ್ನೂ ಮೂರು ಕಾರಣ ಬರೆದಿದ್ದೆ, ಆದ್ರೆ ಆ ಹಾಳೆಯ ಮೇಲೆ ಚಾ ಗ್ಲಾಸು ಇಟ್ಟು ಎರಡನೇದು ಮಾಸಿ ಹೋಗಿದೆ. ಮೂರನೇದು ಬರೇ "ಅಗಲ!!!" ಅಂತ ಉಂಟು. ಒಂದನೇದು ನಾನು ಆಗ್ಲೇ ಹೇಳಿದ್ದೇ. ಇರ್ಲಿ, ಮತ್ತೊಮ್ಮೆ ಹೇಳ್ತೇನೆ, ಅಗಲ. ನಾಯಿ ಬೊಗಳ್ತಾ ಉಂಟು, ಯಾರೋ ಬಂದ್ರು, ಒಂದು ನಿಮಿಷ.

ಹಾಂ. ಮಗ್ ಬಂತು. ಕ್ಯಾಮೆರಾ ಆನ್ ಇದೆಯಲ್ಲ, ಒಟ್ಟಿಗೇ ಬಿಚ್ಚುವ. ಸುತ್ತಿದ ಪೇಪರ್ ತೆಗೀತೇನೆ... ಬಿಳಿ ಚಂದ ಉಂಟು, ಹಿಡಿ ಗಟ್ಟಿ ಉಂಟು... ಅಯ್ಯೋ.

ಓದಿ ಸ್ವಾಮಿ. ಹತ್ರ ಹಿಡೀತೇನೆ, ಓದಿ. "ಉಪ್ ಪಳಕ್ ಕೆ ಮೂರೇ ಅಕ್ ಷರ."

ನಲ್ವತ್ತೂ ಹೀಗೆಯಾ? ಇದೂ ಹಾಗೇ. ಇದೂ. ಫೈಲು ನಾನೇ ಕಳಿಸಿದ್ದು, ಫಾಂಟ್ ಒಟ್ಟಿಗೆ ಕಳಿಸಿರ್ಲಿಲ್ಲ, ಅದು ಹೌದು... ಭಾವ ಈ ವೀಡಿಯೋ ನೋಡ್ತಾನೆ, ಸಾವು. ಸರಿ, ಕೇಳಿ: ಇನ್ನೂರ ಐವತ್ತು ಅಂದದ್ದು ಇನ್ನೂರ ಮೂವತ್ತು. ಬೇಕಾದವರು ಕಮೆಂಟಿನಲ್ಲಿ "ಮಗ್" ಅಂತ ಹಾಕಿ, ಕುಂಬಳೆಯಿಂದ ಕೊರಿಯರ್ ಖರ್ಚು ನಿಮ್ಮದು.