ತಾಳ ಹಿಡಿದು ನಡೆಯುವುದು

(ದಾವಣಗೆರೆಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂಬ ನರರೋಗ ಇರುವವರು ಮತ್ತು ಅವರ ಮನೆಯವರ ಮುಂದೆ ಫಿಸಿಯೋಥೆರಪಿಸ್ಟ್ ಒಬ್ಬರು ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹನ್ನೊಂದಕ್ಕೆ ಇದ್ದ ಕಾರ್ಯಕ್ರಮವನ್ನು ಬೆಳಿಗ್ಗೆ ಎಂಟಕ್ಕೆ ತಂದಿದ್ದಕ್ಕೆ ಕೆಲವರು ಗೊಣಗಿದಿರಂತೆ. ಏಪ್ರಿಲ್ ತಿಂಗಳ ದಾವಣಗೆರೆಯ ಹನ್ನೊಂದು ಗಂಟೆ ಹೇಗಿರುತ್ತದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಎಂ.ಎಸ್. ಇರುವವರಿಗೆ ಮೈಬಿಸಿ ಅರ್ಧ ಡಿಗ್ರಿ ಏರಿದರೂ ಕಾಲು ಭಾರವಾಗಬಹುದು, ಕಣ್ಣು ಮಂಜಾಗಬಹುದು. ಉಥಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಇದನ್ನು 1890ರಲ್ಲೇ ಗುರುತಿಸಿದ್ದರು. ಮೈ ತಣಿದರೆ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಬೆಣ್ಣೆದೋಸೆ ಕಾರ್ಯಕ್ರಮ ಮುಗಿದ ಮೇಲೂ ಸಿಗುತ್ತದೆ, ಹಾಗಾಗಿ ಕ್ಷಮಿಸಿ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೇನು ಎಂದು ಇಲ್ಲಿ ಕುಳಿತಿರುವ ಬಹುತೇಕರು ನನಗಿಂತ ಚೆನ್ನಾಗಿ ಬಲ್ಲಿರಿ. ಜೊತೆಗೆ ಬಂದ ನೆಂಟರಿಗಾಗಿ ಎರಡು ಮಾತು. ಬೋರ್‌ವೆಲ್ ಪಂಪಿನ ಕೇಬಲ್ಲಿನ ಹೊದಿಕೆಯನ್ನು ಇಲಿ ಕಡಿದರೆ ಮೋಟರು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ, ಮೋಟರಿನದೇನೂ ತಪ್ಪಿರುವುದಿಲ್ಲ. ಇಲ್ಲಿ ಕೇಬಲ್ ಎಂದರೆ ಮಿದುಳು, ಬೆನ್ನುಹುರಿಯ ನರ, ಅದರ ಹೊದಿಕೆಯ ಹೆಸರು ಮಯಲಿನ್. ಅದನ್ನು ಕಡಿಯುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರೊಳಗೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ದಣಿದು ಕುಳಿತಿದ್ದಕ್ಕೆ "ಸೋಮಾರಿ" ಎಂಬ ಮಾತು ಕೇಳಿಸಿಕೊಂಡ ಸೊಸೆಯಂದಿರು ಈ ಸಭೆಯಲ್ಲೇ ಇದ್ದಾರೆ. ಆ ದಣಿವು ಸೋಮಾರಿತನವಲ್ಲ, ಕಾಯಿಲೆಯೇ.

ಈಗ ಸಂಗೀತದ ಮಾತಿಗೆ ಬರುತ್ತೇನೆ. ಇಂಥ ರಾಗ ಕೇಳಿದರೆ ಇಂಥ ರೋಗ ವಾಸಿ ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ದಯವಿಟ್ಟು ನನಗೆ ಕಳುಹಿಸಬೇಡಿ. ಎಂ.ಎಸ್. ಅನ್ನು ಹಾಡು ತಡೆಯುವುದಿಲ್ಲ. ಹೊಸ ಹಾನಿಯನ್ನು ತಗ್ಗಿಸುವ ಕೆಲಸ ನರರೋಗ ತಜ್ಞರು ಕೊಡುವ ಔಷಧದ್ದು, ಅದನ್ನು ಬಿಡಬೇಡಿ. ನಾನು ಬಳಸುವುದು ಸಂಗೀತದ ಇಂಪನ್ನಲ್ಲ, ತಾಳವನ್ನು.

ಒಂದೇ ಅಂತರದಲ್ಲಿ ತಟ್ಟುವ ಸದ್ದು ಕಿವಿಗೆ ಬಿದ್ದರೆ, ನೀವು ಸುಮ್ಮನೆ ಕುಳಿತಿದ್ದರೂ ಮಿದುಳಿನಲ್ಲಿ ಚಲನೆಯನ್ನು ಸಿದ್ಧಪಡಿಸುವ ಭಾಗಗಳು ಎಚ್ಚರಗೊಳ್ಳುತ್ತವೆ. ಮುಂದಿನ ಪೆಟ್ಟು ಯಾವಾಗ ಎಂದು ಮಿದುಳು ಮೊದಲೇ ಲೆಕ್ಕ ಹಾಕುತ್ತದೆ, ಕಾಲು ಆ ಲೆಕ್ಕದ ಮೇಲೆ ಏಳುತ್ತದೆ. "ನಡೆ, ನಡೆ" ಎಂದು ಹಿಂದಿನಿಂದ ಕೂಗುವುದರಿಂದ ಈ ಲಾಭ ಸಿಗುವುದಿಲ್ಲ. ಅಮೆರಿಕದ ಕೊಲರಾಡೊದಲ್ಲಿ ಸಂಶೋಧಕ ಮೈಕೆಲ್ ಥೌಟ್ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ಪಾರ್ಕಿನ್ಸನ್ ಮತ್ತು ಪಾರ್ಶ್ವವಾಯು ಇದ್ದವರ ನಡಿಗೆಗೆ ಇದನ್ನು ಬಳಸಿದರು. ಎಂ.ಎಸ್.ಗೆ ಬಂದದ್ದು ಆಮೇಲೆ.

ಹರಿಹರದ ಕಡೆಯ ಹಳ್ಳಿಯಿಂದ ಒಬ್ಬ ಅಕ್ಕ ನನ್ನಲ್ಲಿಗೆ ಬರುತ್ತಿದ್ದರು. ಎಡಗಾಲು ಎಳೆಯುತ್ತಿತ್ತು. ಡೊಳ್ಳು ಎಂದರೆ ಅವರಿಗೆ ಪ್ರಾಣ ಎಂದು ತಿಳಿದು, ನಾನು ಮೊದಲ ದಿನವೇ ಡೊಳ್ಳು ಕುಣಿತದ ಧ್ವನಿಮುದ್ರಣ ಹಾಕಿದೆ. ಮೂರನೆಯ ಹೆಜ್ಜೆಗೆ ಅವರ ಎಡಗಾಲಿನ ಹೆಬ್ಬೆರಳು ಚಾಪೆಯ ಅಂಚಿಗೆ ಸಿಕ್ಕಿತು. ಕೈ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ. "ನಾನು ನಡೆಯಲು ಬಂದವಳು ಮಾರಾಯರೇ, ಕುಣಿಯಲು ಅಲ್ಲ" ಎಂದರು. ತಪ್ಪು ನನ್ನದೇ. ಅವರ ನಡಿಗೆಯನ್ನು ಎಣಿಸದೆ ಹಾಡು ಆರಿಸಿದ್ದೆ. ಎಣಿಸಿದಾಗ ನಿಮಿಷಕ್ಕೆ 76 ಹೆಜ್ಜೆ. ಡೊಳ್ಳು ಅದರ ಎರಡು ಪಟ್ಟು ವೇಗದಲ್ಲಿತ್ತು.

ಮರುವಾರ ಅವರ ಅತ್ತೆ ಸೆರಗಿನಲ್ಲಿ ಸುತ್ತಿಕೊಂಡು ಒಂದು ಜೊತೆ ಕೋಲಾಟದ ಕೋಲು ತಂದರು. ಅಂಚು ಸವೆದು ನುಣುಪಾಗಿದ್ದ ಹಳೆಯ ಕೋಲುಗಳು. ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪ್ ಅನ್ನು ನಿಮಿಷಕ್ಕೆ 76ಕ್ಕೆ ಇಟ್ಟು ಅಜ್ಜಿಯ ಕಿವಿಗೆ ಹಿಡಿದೆವು. ಅವರು ತಟ್ಟಿದರು, ಸೊಸೆ ನಡೆದರು. ಹದಿನೈದು ದಿನ ಅದೇ ವೇಗ, ಆಮೇಲೆ 80. ಏರಿಸುವುದು ಐದರಿಂದ ಹತ್ತು ಪ್ರತಿಶತ, ಅದಕ್ಕಿಂತ ಆಸೆ ಬೇಡ. ತಾಳ ಎರಡು ಅಥವಾ ನಾಲ್ಕು ಪೆಟ್ಟಿನದಿರಲಿ. ಮೂರು ಪೆಟ್ಟಿನ ನಡೆಯಲ್ಲಿ ಒತ್ತು ಒಮ್ಮೆ ಬಲಗಾಲಿಗೆ, ಒಮ್ಮೆ ಎಡಗಾಲಿಗೆ ಬಿದ್ದು ಗೊಂದಲವಾಗುತ್ತದೆ. ಶುರುವಿಗೆ ಸಾಹಿತ್ಯವೂ ಬೇಡ. ಮಾತಿನ ಕಡೆ ಗಮನ ಹೋದರೆ ಕಾಲು ತಪ್ಪುವವರಿದ್ದಾರೆ.

ನಡೆಯಲಾರದಷ್ಟು ದಣಿದ ದಿನ ಏನು ಮಾಡಬೇಕು? ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಎಂ.ಎಸ್. ಇರುವ 101 ಜನರ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತಾಳ ಕೇಳುತ್ತಾ ತಾನು ನಡೆಯುತ್ತಿರುವಂತೆ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವುದು, ಅಷ್ಟೇ ಅಭ್ಯಾಸ. ದಿನಕ್ಕೆ 17 ನಿಮಿಷ, ವಾರಕ್ಕೆ ಆರು ದಿನ, ನಾಲ್ಕು ವಾರ. ಹಾಗೆ ಮಾಡಿದವರ ನಡಿಗೆಯ ವೇಗವೂ ದೂರವೂ ಸುಧಾರಿಸಿದವು. ಇದನ್ನು ಮೊದಲು ಓದಿದಾಗ ನಾನು ನಂಬಲಿಲ್ಲ. ಈಗ ಬೇಸಿಗೆ ಮಧ್ಯಾಹ್ನಗಳಿಗೆ ನನ್ನ ಮೊದಲ ಸಲಹೆಯೇ ಇದು: ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ, ನಿಮ್ಮೂರ ಓಣಿಯಲ್ಲಿ ಗುಡಿಯವರೆಗೆ ತಾಳಕ್ಕೆ ಸರಿಯಾಗಿ ನಡೆದು ಬನ್ನಿ.

ಬೆರಳಿನ ಹಿಡಿತಕ್ಕೆ ಹಾರ್ಮೋನಿಯಂ ಮನೆಗಳನ್ನು ಒತ್ತಬಹುದು, ಉಸಿರಿನ ಸ್ನಾಯುಗಳಿಗೆ ದೀರ್ಘ ಸ್ವರದಲ್ಲಿ ಹಾಡಬಹುದು. ನೆನಪಿನ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಪದಗಳ ಪಟ್ಟಿಯನ್ನು ಓದಿ ಹೇಳುವುದಕ್ಕಿಂತ ಹಾಡಿ ಕಲಿಸಿದರೆ ಎಂ.ಎಸ್. ಇರುವವರಲ್ಲಿ ಹೆಚ್ಚು ಉಳಿಯುತ್ತದೆ ಎಂದು ಥೌಟ್ ಅವರ ತಂಡವೇ ತೋರಿಸಿದೆ. ನಮಗಿದು ಹೊಸದೇ? ಪಕ್ಕದ ಚಳ್ಳಕೆರೆ ತಾಲ್ಲೂಕಿನ ಜನಪದ ಗಾಯಕಿ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಮಾತ್ರೆಯ ಹೊತ್ತು ಮರೆಯುವವರು ಅದನ್ನೊಂದು ಸೋಬಾನೆ ಧಾಟಿಗೆ ಕೂರಿಸಿ ನೋಡಿ. ಮೊಮ್ಮಕ್ಕಳು ನಗುತ್ತಾರೆ, ನಗಲಿ, ಅವರಿಗೂ ನೆನಪಿರುತ್ತದೆ.

ವೇದಿಕೆಯ ಕೆಳಗೆ ಹತ್ತು ಮೀಟರ್ ಉದ್ದಕ್ಕೆ ಬಿಳಿ ಟೇಪು ಅಂಟಿಸಿದ್ದೇವೆ. ಚಾಪೆ ಹಾಸಿಲ್ಲ. ಎರಡೂ ಬದಿಯಲ್ಲಿ ನನ್ನ ವಿದ್ಯಾರ್ಥಿಗಳು ನಿಲ್ಲುತ್ತಾರೆ. ಕೋಲು ತಟ್ಟಲು ಆ ಅಜ್ಜಿಯೇ ಬಂದಿದ್ದಾರೆ. ಮೊದಲು ಹೆಜ್ಜೆ ಎಣಿಸೋಣ. ಯಾರು ಬರುತ್ತೀರಿ?